ಸದ್ದು ಇರಲಿ, ಗುಂಯ್‌ಗುಡುವುದು ಬೇಡ: ಒಂದು ಸ್ಪೋರ್ಟ್ಸ್ ಕಾರಿನ ಒಂಬತ್ತು ವಾರಗಳ ಕೆಲಸ

ಎರಡೇ ಸೀಟು. ಹಿಂದಿನ ಚಕ್ರಗಳಿಗೆ ಎಳೆತ. ಎರಡು ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್, ಟರ್ಬೊ ಇಲ್ಲ, ಎಂಟು ಸಾವಿರ ಆರ್‌ಪಿಎಂವರೆಗೂ ಉಸಿರು ಕಟ್ಟದೆ ಏರುತ್ತದೆ. ಇಂಥ ಕಾರಿಗಾಗಿ ನಾನು ಬಹಳ ವರ್ಷ ಕಾದಿದ್ದೆ. ನನಗೆ ಸಿಕ್ಕಿದ್ದು ಹಿಂದಿನ ಮಾಲೀಕರು ಟ್ರ್ಯಾಕ್‌ನಲ್ಲಿ ಓಡಿಸಲೆಂದು ಸಜ್ಜು ಮಾಡಿದ್ದ ಗಾಡಿ. ಗಟ್ಟಿ ಸ್ಪ್ರಿಂಗಿನ ಕಾಯ್ಲೋವರ್‌ಗಳು (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಜೋಡಣೆಯಲ್ಲಿ ಇರುವಂಥವು), ನೇರ ಪೈಪಿನ ಸೈಲೆನ್ಸರ್, ಕಂಪನಿಯ ಅಳತೆಗಿಂತ 45 ಮಿಮೀ ತಗ್ಗಿಸಿದ ಮೈ. ನನಗೆ ಅದು ದಿನಾ ಕೆಲಸಕ್ಕೆ ಹೋಗಿಬರಲು ಬೇಕಿತ್ತು.

ಮೊದಲ ತಿಂಗಳು ಪ್ರತಿ ಸಂಜೆ ತಲೆ ಧಿಂ ಅನ್ನುತ್ತಿತ್ತು. ರಸ್ತೆಯ ಚಿಕ್ಕ ಜೋಡಣೆ ದಾಟಿದರೂ ಸೊಂಟಕ್ಕೆ ಏಟು ಬೀಳುತ್ತಿತ್ತು. "ಸ್ಪೋರ್ಟ್ಸ್ ಕಾರ್ ಅಂದ್ರೆ ಹಾಗೇ ಅಲ್ವಾ, ಒಗ್ಗಿಕೊಳ್ಳಬೇಕು" ಅಂತ ಎಲ್ಲರೂ ಹೇಳಿದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಗಟ್ಟಿಯಾಗಿರುವುದು ಬೇರೆ, ಬಡಿಯುವುದು ಬೇರೆ. ಜೋರಾಗಿರುವುದು ಬೇರೆ, ಗುಂಯ್‌ಗುಡುವುದು ಬೇರೆ. ಮೊದಲನೆಯದು ಕಾರಿನ ಗುಣ, ಎರಡನೆಯದು ಯಾವುದೋ ಒಂದು ಭಾಗದ ಕೊರತೆ. ಎರಡನ್ನೂ ಬಿಡಿಸಿ ನೋಡಬೇಕು ಅಂತ ಕೆಲಸಕ್ಕೆ ಕೈ ಹಾಕಿದೆ.

ಮೊದಲ ವಾರ: ಟೈರು

ಸುಲಭದ್ದರಿಂದ ಶುರು ಮಾಡಿದೆ. ಬೆಳಿಗ್ಗೆ ಟೈರು ತಣ್ಣಗಿದ್ದಾಗ ಗಾಳಿ ನೋಡಿದರೆ ನಾಲ್ಕರಲ್ಲೂ 38 ಪಿಎಸ್‌ಐ. ಬಾಗಿಲ ಪಕ್ಕದ ಚೀಟಿಯಲ್ಲಿ ಇದ್ದದ್ದು 32. ಮುಂದಿನ ಟೈರು 215/45, ಅಂದರೆ 215 ಮಿಮೀ ಅಗಲ, ಎತ್ತರ ಅದರ ಶೇಕಡಾ 45. ರಿಮ್ಮಿನಿಂದ ನೆಲಕ್ಕೆ ಸುಮಾರು 97 ಮಿಮೀ ರಬ್ಬರು ಅಷ್ಟೇ. ಅಷ್ಟು ಗಿಡ್ಡ ಟೈರಿಗೆ ಆರು ಪಿಎಸ್‌ಐ ಜಾಸ್ತಿ ತುಂಬಿದರೆ ಅದು ಬಗ್ಗುವುದಾದರೂ ಎಲ್ಲಿ?

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 2316. ಅಂದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಕಚ್ಚುಗಳು ಇನ್ನೂ ಆಳವಾಗಿದ್ದವು, ಆದರೆ ಉಗುರು ಒತ್ತಿದರೆ ಗುರುತೇ ಬೀಳುತ್ತಿರಲಿಲ್ಲ. ರಬ್ಬರು ಒಣಗಿ ಹಲಗೆಯಂತಾಗಿತ್ತು. ಹೊಸ ಟೈರು ಹಾಕಿಸಿ, 32ಕ್ಕೆ ಇಳಿಸಿದೆ. ಟೈರಿನ ಸದ್ದು ಒಂದು ಮೆಟ್ಟಿಲು ಇಳಿಯಿತು. ಸಣ್ಣ ಸಣ್ಣ ಕಚಗುಳಿಯಂಥ ನಡುಕವೂ ಹೋಯಿತು. ದೊಡ್ಡ ಏಟುಗಳು ಮಾತ್ರ ಹಾಗೇ ಉಳಿದವು.

ಎರಡರಿಂದ ಐದನೇ ವಾರ: ಶಾಕ್ ಅಬ್ಸಾರ್ಬರ್ ಕೆಲಸವನ್ನೇ ಮಾಡುತ್ತಿರಲಿಲ್ಲ

ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿದೆ. ಜಾಕ್ ಒಂದನ್ನೇ ನಂಬಿ ಯಾರೂ ಕೆಳಗೆ ಹೋಗಬೇಡಿ. ಸ್ಟ್ಯಾಂಡ್ ಇಟ್ಟ ಮೇಲೆ ಕಾರನ್ನು ಪಕ್ಕದಿಂದ ಬಲವಾಗಿ ತಳ್ಳಿ ನೋಡಿ, ಅಲುಗದಿದ್ದರೆ ಮಾತ್ರ ಒಳಗೆ ತಲೆ ಹಾಕಿ.

ಶಾಕ್‌ನ ನಯವಾದ ಕಂಬಿಗೆ ಒಂದು ಪ್ಲಾಸ್ಟಿಕ್ ಜಿಪ್ ಟೈ ಕಟ್ಟಿ ಕೆಳಗಿನ ಸಿಲಿಂಡರಿಗೆ ತಾಗುವಂತೆ ಸರಿಸಿದೆ. ಶಾಕ್ ಒತ್ತಿಕೊಂಡಾಗ ಸಿಲಿಂಡರು ಆ ಟೈಯನ್ನು ಮೇಲಕ್ಕೆ ತಳ್ಳುತ್ತದೆ, ವಾಪಸ್ ಇಳಿದಾಗ ಟೈ ಅಲ್ಲೇ ಉಳಿಯುತ್ತದೆ. ಎಷ್ಟು ಆಳಕ್ಕೆ ಹೋಗಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಮಾಮೂಲಿ ದಾರಿಯಲ್ಲಿ ಹತ್ತು ನಿಮಿಷ ಸುತ್ತಿ ಬಂದು ನೋಡಿದೆ. ಟೈ ಬಂಪ್ ಸ್ಟಾಪ್‌ನ (ಶಾಕ್ ಪೂರ್ತಿ ಒತ್ತಿಕೊಳ್ಳದಂತೆ ತಡೆಯುವ ಫೋಮ್ ತುಂಡು) ತಳಕ್ಕೆ ಒತ್ತಿ, ಅದರ ಫೋಮಿನೊಳಗೆ ಅರ್ಧ ಹೂತು ಹೋಗಿತ್ತು. ಕಾರು ಸುಮ್ನೆ ನಿಂತಿರುವಾಗ ಸಿಲಿಂಡರಿಗೂ ಬಂಪ್ ಸ್ಟಾಪ್‌ಗೂ ನಡುವೆ ಇದ್ದ ಜಾಗ ಅಳೆದೆ. ಒಂಬತ್ತು ಮಿಮೀ!

ಅಂದರೆ ನಾನು ಇಷ್ಟು ದಿನ ಸ್ಪ್ರಿಂಗಿನ ಮೇಲೆ ಓಡಾಡುತ್ತಲೇ ಇರಲಿಲ್ಲ. ಪ್ರತಿ ಉಬ್ಬಿಗೂ ಶಾಕ್ ಒಂಬತ್ತು ಮಿಮೀ ಸರಿದು ಬಂಪ್ ಸ್ಟಾಪ್‌ಗೆ ಗುದ್ದುತ್ತಿತ್ತು. ಆ ಏಟನ್ನೇ ನಾನು "ಗಟ್ಟಿ ಸಸ್ಪೆನ್ಷನ್" ಅಂದುಕೊಂಡಿದ್ದೆ.

ಇದಕ್ಕೆ ಕಾರಣ ಕಾರು ತಗ್ಗಿಸಿದ ರೀತಿ. ಈ ಬಗೆಯ ಕಾಯ್ಲೋವರ್‌ನಲ್ಲಿ ಎತ್ತರ ಬದಲಿಸಲು ಎರಡು ಜಾಗ ಇರುತ್ತವೆ. ಒಂದು, ಸ್ಪ್ರಿಂಗ್ ಕೂರುವ ತಟ್ಟೆ. ಇನ್ನೊಂದು, ತೀರಾ ಕೆಳಗಿನ ಬ್ರ್ಯಾಕೆಟ್. ಬ್ರ್ಯಾಕೆಟ್ ತಿರುಗಿಸಿದರೆ ಇಡೀ ಶಾಕ್‌ನ ಉದ್ದ ಬದಲಾಗುತ್ತದೆ, ಒಳಗಿನ ಓಡಾಟದ ಜಾಗ ಹಾಗೇ ಇರುತ್ತದೆ. ತಟ್ಟೆ ಇಳಿಸಿದರೆ ಮಾತ್ರ ಕಂಬಿ ಒಳಕ್ಕೆ ಹೋಗಿ ಕೂರುತ್ತದೆ, ಬಂಪ್ ಸ್ಟಾಪ್ ಹತ್ತಿರ ಬರುತ್ತದೆ. ನನ್ನ ಕಾರಿನಲ್ಲಿ ಬ್ರ್ಯಾಕೆಟ್ ಮುಟ್ಟದೆ ತಟ್ಟೆಯನ್ನಷ್ಟೇ ಇಳಿಸಿದ್ದರು. ಇದರ ಜೊತೆಗೆ, ಸ್ಪ್ರಿಂಗ್ ವಾಪಸ್ ಏಳುವ ವೇಗವನ್ನು ಹಿಡಿಯುವ ರೀಬೌಂಡ್ ಗುಂಡಿ ಪೂರ್ತಿ ಬಿಗಿಯಿಂದ ಮೂರೇ ಕ್ಲಿಕ್ ಸಡಿಲ ಇತ್ತು. ಒತ್ತಿದ ಸ್ಪ್ರಿಂಗ್ ವಾಪಸ್ ಏಳುವ ಮೊದಲೇ ಮುಂದಿನ ಉಬ್ಬು ಬರುತ್ತದೆ. ಹೀಗೆ ಸಾಲು ಉಬ್ಬುಗಳಲ್ಲಿ ಕಾರು ಒಂದೊಂದು ಹೆಜ್ಜೆ ಕೆಳಗಿಳಿದು ಬಂಪ್ ಸ್ಟಾಪ್ ಮೇಲೇ ಕೂತುಬಿಡುತ್ತದೆ.

ತಟ್ಟೆ ಏರಿಸಲು ಹೋದರೆ ಅದರ ಲಾಕ್ ರಿಂಗುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಎರಡು ದಿನ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಟ್ಟೆ. ತಂತಿ ಬ್ರಷ್‌ನಲ್ಲಿ ರಿಂಗು ತಿರುಗುವ ತಿರುಪಿನ ಸುರುಳಿಯ ಸಂದಿನ ಮಣ್ಣು ಕೆದಕಿದೆ. ಹಿತ್ತಾಳೆಯ ಕಂಬಿಯನ್ನು ರಿಂಗಿನ ಕಚ್ಚಿಗೆ ಇಟ್ಟು ಸುತ್ತಿಗೆಯಿಂದ ತಟ್ಟಿದೆ. ಹಿತ್ತಾಳೆ ಯಾಕೆಂದರೆ ರಿಂಗು ಅಲ್ಯೂಮಿನಿಯಂ. ಉಕ್ಕಿನ ಉಳಿ ಇಟ್ಟರೆ ಕಚ್ಚು ಕಿತ್ತುಬರುತ್ತದೆ. ಎಡ ಮುಂಭಾಗದ ರಿಂಗ್ ನಲವತ್ತು ನಿಮಿಷ ಜಗ್ಗಲಿಲ್ಲ. ಆಮೇಲೆ ಒಂದು ಒಣ ಟಿಕ್ ಕೇಳಿತು. ಸುರುಳಿಯಿಂದ ಕೆಂಪು ಪುಡಿ ಉದುರಿ ಮೊಣಕೈ ಮೇಲೆ ಬಿತ್ತು. ರಿಂಗು ಒಂದು ಕೂದಲಿನಷ್ಟು ಸರಿದಿತ್ತು. ಅಷ್ಟು ಸರಿದರೆ ಸಾಕು, ಆಮೇಲೆ ಹಿಂದೆ ಮುಂದೆ ಆಡಿಸುತ್ತಾ ಬಿಡಿಸಬಹುದು. ಒಂದೇ ದಿಕ್ಕಿಗೆ ಬಲ ಹಾಕಿದರೆ ಪುಡಿ ಸಿಕ್ಕಿಕೊಂಡು ಸುರುಳಿ ಕೆಡುತ್ತದೆ.

ಬಿಚ್ಚಿದ ಮೇಲೆ ಸ್ಪ್ರಿಂಗನ್ನೂ ಬದಲಿಸಲು ನಿರ್ಧರಿಸಿದೆ. ಇದನ್ನು ಅಂದಾಜಿನ ಮೇಲೆ ಮಾಡಬಾರದು. ಮುಂದೆ ಇದ್ದದ್ದು 12 ಕೆಜಿ/ಮಿಮೀ ಸ್ಪ್ರಿಂಗ್, ಅಂದರೆ ಒಂದು ಮಿಮೀ ಕುಗ್ಗಲು 12 ಕೆಜಿ ಭಾರ ಬೇಕು. ಚಕ್ರ 10 ಮಿಮೀ ಏರಿದರೆ ಈ ಕಾರಿನಲ್ಲಿ ಶಾಕ್ 7 ಮಿಮೀ ಒತ್ತಿಕೊಳ್ಳುತ್ತದೆ. ಅಂದರೆ ಅನುಪಾತ 0.7. ಚಕ್ರದ ಕಡೆಯಿಂದ ಲೆಕ್ಕ ಹಾಕುವಾಗ ಅದರ ವರ್ಗ, 0.49ರಿಂದ ಗುಣಿಸಬೇಕು. ಆ ಮೂಲೆಯ ಮೇಲೆ ಬೀಳುವ ಮೈಭಾರ ಸುಮಾರು 290 ಕೆಜಿ. ಲೆಕ್ಕ ಹಾಕಿದರೆ ಕಾರಿನ ಮೂಗು ಸೆಕೆಂಡಿಗೆ ಸುಮಾರು 2.2 ಸಲ ಕುಣಿಯುತ್ತದೆ, ಅಂದರೆ 2.2 ಹರ್ಟ್ಸ್. ಆರಾಮದ ಕಾರುಗಳಲ್ಲಿ ಇದು 1ರಿಂದ 1.5 ಹರ್ಟ್ಸ್ ಇರುತ್ತದೆ, ರಸ್ತೆಯ ಸ್ಪೋರ್ಟ್ಸ್ ಕಾರುಗಳಲ್ಲಿ 1.5ರಿಂದ 2ರವರೆಗೆ. ನಾನು ಮುಂದೆ 7 ಕೆಜಿ ಸ್ಪ್ರಿಂಗ್ ಆರಿಸಿದೆ. ಅದು 1.7 ಹರ್ಟ್ಸ್ ಕೊಡುತ್ತದೆ. ಹಿಂದೆ ಅನುಪಾತ 0.75 ಇರುವುದರಿಂದ ಅದೇ 7 ಕೆಜಿ ಸ್ಪ್ರಿಂಗ್ 1.84 ಹರ್ಟ್ಸ್ ಕೊಡುತ್ತದೆ.

ಹಿಂಭಾಗ ಸ್ವಲ್ಪ ಬೇಗ ಕುಣಿಯಬೇಕು ಅನ್ನುವುದು ಹಳೆಯ ಮಾತು. 1930ರ ದಶಕದಲ್ಲಿ ಮಾರಿಸ್ ಆಲಿ ಅನ್ನುವ ಇಂಜಿನಿಯರ್ ಜನರಲ್ ಮೋಟರ್ಸ್‌ನಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಉಬ್ಬು ಮೊದಲು ಮುಂದಿನ ಚಕ್ರಕ್ಕೆ ಸಿಗುತ್ತದೆ, ಸ್ವಲ್ಪ ತಡವಾಗಿ ಹಿಂದಿನದಕ್ಕೆ. ಹಿಂಭಾಗ ಬೇಗ ಕುಣಿದರೆ ಮುಂಭಾಗವನ್ನು ಹಿಡಿದುಕೊಂಡು ಎರಡೂ ಒಟ್ಟಿಗೆ ಏಳುತ್ತವೆ, ಇಳಿಯುತ್ತವೆ. ಇಲ್ಲದಿದ್ದರೆ ಕಾರು ತೊಟ್ಟಿಲಿನ ಹಾಗೆ ಹಿಂದೆ ಮುಂದೆ ತೂಗುತ್ತದೆ. ತೊಂಬತ್ತು ವರ್ಷಗಳ ಹಿಂದಿನ ಈ ತಿಳಿವಳಿಕೆ ಇವತ್ತು ನನ್ನ ಬೆನ್ನು ಕಾಯುತ್ತಿದೆ ಅನ್ನುವುದು ನನಗೆ ತುಂಬಾ ಖುಷಿ ಕೊಟ್ಟ ವಿಷಯ.

ಮೆತ್ತಗಿನ ಸ್ಪ್ರಿಂಗ್ ಹಾಕುವವರು ಒಂದು ಮಾತು ಮರೆಯಬಾರದು. ಅದೇ ಭಾರಕ್ಕೆ 12 ಕೆಜಿ ಸ್ಪ್ರಿಂಗ್ 35 ಮಿಮೀ ಕುಗ್ಗಿದರೆ 7 ಕೆಜಿಯದು 59 ಮಿಮೀ ಕುಗ್ಗುತ್ತದೆ. ಆ 24–25 ಮಿಮೀ ವ್ಯತ್ಯಾಸವನ್ನು ತುಂಬಿಕೊಡದಿದ್ದರೆ ಕಾರು ನೇರವಾಗಿ ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ಮೆತ್ತಗೆ ಮಾಡಲು ಹೋಗಿ ಇನ್ನೂ ಗಟ್ಟಿಯಾಗುತ್ತದೆ. ನಾನು ಹಳೆಯದಕ್ಕಿಂತ 20 ಮಿಮೀ ಹೆಚ್ಚು ಉದ್ದದ ಸ್ಪ್ರಿಂಗ್ ತರಿಸಿದೆ, ತಟ್ಟೆಯನ್ನು 31 ಮಿಮೀ ಏರಿಸಿದೆ. ಒಂಬತ್ತು ಮಿಮೀ ಇದ್ದ ಜಾಗ 35 ಆಯಿತು. ಇದರಿಂದ ಕಾರು ಚಕ್ರದ ಹತ್ತಿರ 37 ಮಿಮೀ ಮೇಲೇಳಬೇಕಿತ್ತು. ನನಗೆ 20 ಸಾಕಿತ್ತು. ಕೆಳಗಿನ ಬ್ರ್ಯಾಕೆಟ್‌ನಲ್ಲಿ 12 ಮಿಮೀ ಗಿಡ್ಡ ಮಾಡಿದೆ, ಚಕ್ರದ ಹತ್ತಿರ ಅದು 17 ಮಿಮೀ ಆಗುತ್ತದೆ, ಅಲ್ಲಿಗೆ ಸರಿಹೋಯಿತು. ಬ್ರ್ಯಾಕೆಟ್ ಮುಟ್ಟಿದವರು ಒಮ್ಮೆ ಸ್ಪ್ರಿಂಗ್ ಇಲ್ಲದೆ ಚಕ್ರವನ್ನು ಜಾಕ್‌ನಿಂದ ಪೂರ್ತಿ ಮೇಲೆತ್ತಿ, ಟೈರು ಮಡ್‌ಗಾರ್ಡ್‌ಗೆ ತಾಗುತ್ತದೋ ಇಲ್ಲವೋ ನೋಡಿಕೊಳ್ಳಲೇಬೇಕು.

ಸ್ಪ್ರಿಂಗ್ ಮೆತ್ತಗಾದರೆ ಅದನ್ನು ಹಿಡಿಯುವ ಬಿಗಿಯೂ ಕಮ್ಮಿ ಸಾಕು. ಲೆಕ್ಕದ ಪ್ರಕಾರ ಕಾಲು ಭಾಗದಷ್ಟು ಕಮ್ಮಿ. ಒಂದೇ ದಾರಿಯಲ್ಲಿ ಎರಡೆರಡು ಕ್ಲಿಕ್ ಸಡಿಲಿಸುತ್ತಾ ಓಡಿಸಿದೆ. ಮೂರರಿಂದ ಹನ್ನೊಂದಕ್ಕೆ ಬಂದಾಗ ಕಾರು ಉಬ್ಬು ದಾಟಿ ಒಂದೇ ಸಲ ಎದ್ದು ನಿಂತುಬಿಟ್ಟಿತು. ಹದಿಮೂರಕ್ಕೆ ಎರಡನೇ ಸಲ ತೇಲಿತು. ಹನ್ನೊಂದಕ್ಕೇ ನಿಲ್ಲಿಸಿದೆ.

ಬುಷ್ ವಿಚಾರ ಚಿಕ್ಕದು, ಆದರೆ ಬಹಳ ಜನ ತಪ್ಪುವ ಜಾಗ. ಚಕ್ರವನ್ನು ಮೈಗೆ ಹಿಡಿದಿಡುವ ತೋಳುಗಳ ಕೀಲಿನಲ್ಲಿರುವ ರಬ್ಬರ್ ಬುಷ್‌ಗಳು ಬೋಲ್ಟ್ ಬಿಗಿ ಮಾಡಿದ ಸ್ಥಿತಿಗೆ ಕಚ್ಚಿಕೊಳ್ಳುತ್ತವೆ. ಚಕ್ರ ನೇತಾಡುತ್ತಿರುವಾಗ ಬಿಗಿ ಮಾಡಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇರುತ್ತದೆ. ಬೇಡದ ಸ್ಪ್ರಿಂಗಿನಂತೆ ಎದುರು ಒತ್ತುತ್ತದೆ, ಬೇಗ ಹರಿಯುತ್ತದೆ. ನಾಲ್ಕೂ ಚಕ್ರಗಳನ್ನು ದಪ್ಪ ಮರದ ದಿಮ್ಮಿಗಳ ಮೇಲೆ ಇಳಿಸಿ, ಕಾರು ತನ್ನ ಭಾರದಲ್ಲಿ ಕೂತ ಮೇಲೆ ಎಲ್ಲಾ ಬೋಲ್ಟ್ ಸಡಿಲಿಸಿದೆ. ಹಿಂದಿನ ಎಡ ತೋಳಿನ ಬೋಲ್ಟ್ ಬಿಟ್ಟಾಗ ಬುಷ್ ಟಪ್ ಅಂತ ತಿರುಗಿ ತನ್ನ ಜಾಗಕ್ಕೆ ಬಂತು. ಮತ್ತೆ ಮ್ಯಾನ್ಯುಯಲ್‌ನಲ್ಲಿ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿದೆ. ಎತ್ತರ ಬದಲಾದರೆ ಚಕ್ರಗಳ ಕೋನವೂ ಬದಲಾಗುತ್ತದೆ, ಹಾಗಾಗಿ ಅಲೈನ್‌ಮೆಂಟ್ ಮಾಡಿಸಿದೆ.

ಕಾರು ಈಗಲೂ ಗಟ್ಟಿಯೇ. ತಿರುವಿನಲ್ಲಿ ವಾಲುವುದಿಲ್ಲ, ರಸ್ತೆ ಏನು ಹೇಳುತ್ತದೋ ಅದು ಕೈಗೆ ಬರುತ್ತದೆ. ಆದರೆ ಈಗ ಅದಕ್ಕೆ ಉಸಿರಾಡಲು ಜಾಗ ಇದೆ.

ಆರರಿಂದ ಎಂಟನೇ ವಾರ: 98 ಹರ್ಟ್ಸ್

ಸದ್ದಿನ ಕೆಲಸವೇ ನನಗೆ ಹೆಚ್ಚು ಕಲಿಸಿದ್ದು.

ಐದು ಸಾವಿರದ ಮೇಲೆ ಈ ಇಂಜಿನ್ ಹಾಡುವುದನ್ನು ನಾನು ಕಮ್ಮಿ ಮಾಡಲು ಒಪ್ಪುವುದಿಲ್ಲ. ತೊಂದರೆ ಇದ್ದದ್ದು ಆರನೇ ಗೇರಿನಲ್ಲಿ, ಸುಮಾರು 2,950 ಆರ್‌ಪಿಎಂನಲ್ಲಿ. ಉದ್ದ ದಾರಿಯಲ್ಲಿ ಕಾರು ಸಹಜವಾಗಿ ನಿಲ್ಲುವ ವೇಗ ಅದೇ. ಅಲ್ಲಿ ಒಂದು ಗುಂಯ್ ಶುರುವಾಗುತ್ತಿತ್ತು. ಕಿವಿಗಿಂತ ಎದೆಗೆ ಕೇಳುವಂಥದ್ದು. ಪಕ್ಕದವರ ಮಾತು ಕೇಳುತ್ತಿತ್ತು, ಆದರೆ ಅರ್ಧ ಗಂಟೆಯಲ್ಲಿ ಇಬ್ಬರೂ ಮಾತು ನಿಲ್ಲಿಸಿರುತ್ತಿದ್ದೆವು.

ಫೋನಿನ ಡೆಸಿಬೆಲ್ ಮೀಟರ್ ಇದನ್ನು ಹಿಡಿಯಲೇ ಇಲ್ಲ. ಕಾರಣ ಗೊತ್ತಾದ ಮೇಲೆ ಸಮಾಧಾನವಾಯಿತು. ಮಾಮೂಲಿ ಮೀಟರುಗಳು ಎ-ತೂಕದಲ್ಲಿ, ಅಂದರೆ ಕಿವಿಗೆ ಕಮ್ಮಿ ಕೇಳುವ ತಗ್ಗು ಸದ್ದುಗಳನ್ನು ಕಮ್ಮಿ ಎಣಿಸಿ, ಅಳೆಯುತ್ತವೆ. ಆ ಅಳತೆ 100 ಹರ್ಟ್ಸ್‌ನಲ್ಲಿ 19 ಡೆಸಿಬೆಲ್ ಕಳೆದುಬಿಡುತ್ತದೆ. ಎದೆ ನಡುಗುತ್ತಿದ್ದರೂ ಮೀಟರಿಗೆ ಅದು ಲೆಕ್ಕಕ್ಕಿಲ್ಲ. ತರಂಗಗಳನ್ನು ಬಿಡಿಸಿ ತೋರಿಸುವ ಆ್ಯಪ್ ಹಾಕಿದೆ. 98 ಹರ್ಟ್ಸ್‌ನಲ್ಲಿ ಒಂದೇ ಒಂದು ಗೋಪುರ, ಉಳಿದದ್ದೆಲ್ಲ ಅದರ ಕಾಲಡಿ. ನಾಲ್ಕು ಸಿಲಿಂಡರಿನ ಇಂಜಿನ್ ಪ್ರತಿ ಸುತ್ತಿಗೆ ಎರಡು ಸಲ ಉರಿಯುತ್ತದೆ, ಹಾಗಾಗಿ ಆರ್‌ಪಿಎಂ ಅನ್ನು 30ರಿಂದ ಭಾಗಿಸಿದರೆ ಸಾಕು. 2,950 ಭಾಗಿಸು 30, 98 ಚಿಲ್ಲರೆ.

ಮೊದಲು ಡಿಕ್ಕಿಯ ತಳಕ್ಕೆ ಬ್ಯುಟೈಲ್ ರಬ್ಬರಿನ ಹಾಳೆ ಅಂಟಿಸಿದೆ. ಅದು ತಗಡಿನ ನಡುಕವನ್ನು ಕೊಲ್ಲುತ್ತದೆ, ಕಲ್ಲು ಸಿಡಿಯುವ ಟಣಟಣ ನಿಂತಿತು. 98 ಹರ್ಟ್ಸ್ ಮಾತ್ರ ಕದಲಲಿಲ್ಲ. ಅಷ್ಟು ಉದ್ದದ ಅಲೆಯನ್ನು ಅಂಥ ತೆಳು ಹಾಳೆ ತಡೆಯಲಾರದು. ಮೂಲದಲ್ಲೇ ಹಿಡಿಯಬೇಕು. ಕೆಳಗೆ ಮಲಗಿ ಪೈಪನ್ನು ಕೈಯಿಂದ ಅಲ್ಲಾಡಿಸುತ್ತಾ ಹೋದಾಗ, ಹಿಂದಿನ ಅಡ್ಡಪಟ್ಟಿಯ ಹತ್ತಿರ ಹೊಳೆಯುವ ಒಂದು ಚುಕ್ಕೆ ಕಂಡಿತು. ಕಡಲೆಕಾಳಿನಷ್ಟು. ಸುತ್ತಲೂ ಕಪ್ಪು, ಅದೊಂದೇ ಬೆಳ್ಳಿ. ಪೈಪು ಅಲ್ಲಿ ಮೈಗೆ ತಾಗಿ ಉಜ್ಜುತ್ತಿತ್ತು. ಹಳೆಯ ಹ್ಯಾಂಗರುಗಳ ಜಾಗಕ್ಕೆ ಹೊಸ ರಬ್ಬರ್ ಹ್ಯಾಂಗರ್ ಹಾಕಿ, ಬೆರಳು ತೂರುವಷ್ಟು ಸಂದು ಬಿಟ್ಟೆ. ಗುಂಯ್ ಸ್ವಲ್ಪ ತಗ್ಗಿತು, ಹೋಗಲಿಲ್ಲ.

ಉಳಿದ ದಾರಿ ಕಾಲು-ಅಲೆಯ ಕವಲು ಪೈಪು. ಒಂದು ತುದಿ ಮುಚ್ಚಿದ ಪೈಪನ್ನು ಮುಖ್ಯ ಪೈಪಿಗೆ ಕವಲಾಗಿ ಬೆಸೆಯುವುದು, ಅಷ್ಟೇ. ಸದ್ದಿನ ಅಲೆ ಒಳಗೆ ಹೋಗಿ ಮುಚ್ಚಿದ ತುದಿಗೆ ಬಡಿದು ವಾಪಸ್ ಬರುತ್ತದೆ. ಪೈಪಿನ ಉದ್ದ ಅಲೆಯ ಕಾಲು ಭಾಗ ಇದ್ದರೆ, ಹೋಗಿ ಬರುವಷ್ಟರಲ್ಲಿ ಅರ್ಧ ಅಲೆ ಕಳೆದಿರುತ್ತದೆ. ಮುಖ್ಯ ಪೈಪಿನ ಏರಿಗೆ ಇದರ ಇಳಿವು ಬಂದು ಸೇರುತ್ತದೆ, ಎರಡೂ ಅಳಿಯುತ್ತವೆ. ಹೊಗೆ ಈ ಕವಲಿನ ಮೂಲಕ ಹರಿಯುವುದಿಲ್ಲ, ಆದ್ದರಿಂದ ಇಂಜಿನ್ನಿಗೆ ಉಸಿರು ಕಟ್ಟುವುದಿಲ್ಲ. ಮುಖ್ಯವಾಗಿ ಒಂದು ಆವರ್ತನವನ್ನು ಹೆಕ್ಕಿ ತೆಗೆಯುತ್ತದೆ, ಮೇಲಿನ ಹಾಡನ್ನು ಹೆಚ್ಚು ಮುಟ್ಟುವುದಿಲ್ಲ. ನನಗೆ ಬೇಕಾಗಿದ್ದು ಇದೇ.

ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು 98ರ ನಾಲ್ಕರಷ್ಟರಿಂದ ಭಾಗಿಸಿ 87.5 ಸೆಂಮೀ ಪೈಪು ಕತ್ತರಿಸಿದೆ. ಬೆಸೆಯುವ ಮೊದಲು ಬ್ಯಾಟರಿಯ ತಂತಿ ಬಿಚ್ಚಿದೆ. ಓಡಿಸಿದರೆ 2,950ರಲ್ಲಿ ಗುಂಯ್ ಇದ್ದಲ್ಲೇ ಇತ್ತು. ಆ ಸಂಜೆ ನಿಜವಾಗಿಯೂ ಬೇಸರವಾಯಿತು. ಬೆಸುಗೆ ಚೆನ್ನಾಗಿಯೇ ಬಂದಿತ್ತು, ಲೆಕ್ಕವೂ ಸರಿ ಅನ್ನಿಸಿತ್ತು.

ಮರುದಿನ ನಿಧಾನವಾಗಿ ಆರ್‌ಪಿಎಂ ಏರಿಸುತ್ತಾ ಹೋದಾಗ ಒಂದು ವಿಚಿತ್ರ ಗಮನಕ್ಕೆ ಬಂತು. 3,700ರ ಹತ್ತಿರ ಕಾರಿನ ಸದ್ದು ಇದ್ದಕ್ಕಿದ್ದಂತೆ ಅಡಗುತ್ತಿತ್ತು. ಮೊದಲು ಹಾಗಿರಲಿಲ್ಲ. ಕವಲು ಕೆಲಸ ಮಾಡುತ್ತಿತ್ತು, ಬೇರೆ ಜಾಗದಲ್ಲಿ! 343 ಅನ್ನುವುದು 20 ಡಿಗ್ರಿಯ ಗಾಳಿಗೆ. ಬಿಸಿ ಹೊಗೆಯಲ್ಲಿ ಸದ್ದು ಅದಕ್ಕಿಂತ ವೇಗವಾಗಿ ಓಡುತ್ತದೆ. ಎಷ್ಟು ವೇಗ ಅನ್ನುವುದನ್ನು ಆ ತಪ್ಪಾದ ಪೈಪೇ ಹೇಳಿಕೊಟ್ಟಿತು. 3,700 ಭಾಗಿಸು 30, ಸುಮಾರು 123 ಹರ್ಟ್ಸ್. ಅದನ್ನು 0.875ರಿಂದಲೂ ನಾಲ್ಕರಿಂದಲೂ ಗುಣಿಸಿದರೆ ಸೆಕೆಂಡಿಗೆ ಸುಮಾರು 432 ಮೀಟರ್. ನನ್ನ ಪೈಪಿನೊಳಗೆ, ನನ್ನ ಕಾರಿನ ಬಿಸಿಯಲ್ಲಿ, ಸದ್ದು ಓಡುವ ವೇಗ ಅದು. ಹಾಗಾದರೆ 98 ಹರ್ಟ್ಸ್‌ಗೆ ಬೇಕಾದ ಉದ್ದ 1.10 ಮೀಟರ್.

ತುದಿಗೆ ಒಂದು ತುಂಡು ಸೇರಿಸಿದೆ. ಈ ಸಲ ಮುಚ್ಚಳ ಬೆಸೆಯದೆ ಕ್ಲ್ಯಾಂಪ್‌ನಲ್ಲಿ ಹಿಡಿಸಿದೆ, ಸೆಂಟಿಮೀಟರ್ ಲೆಕ್ಕದಲ್ಲಿ ಹಿಂದೆ ಮುಂದೆ ಸರಿಸಲು. 1.10ರಲ್ಲಿ ಗೋಪುರ ಅರ್ಧಕ್ಕಿಳಿಯಿತು. 1.12ರಲ್ಲಿ ಆ್ಯಪ್‌ನಲ್ಲಿ ಅದು 14 ಡೆಸಿಬೆಲ್ ಕೆಳಗಿತ್ತು. ಸುತ್ತಲಿನ ಸದ್ದಿನೊಳಗೆ ಕರಗಿಹೋಗಿತ್ತು. ಕ್ಲ್ಯಾಂಪ್ ಹಾಗೇ ಬಿಟ್ಟು ಎರಡು ವಾರ ಓಡಿಸಿ, ಚಳಿಯ ಬೆಳಿಗ್ಗೆಯಲ್ಲೂ ಉದ್ದ ದಾರಿಯಲ್ಲೂ ನೋಡಿ, ಆಮೇಲೆ ಬೆಸೆದೆ. ಬಿಸಿಯಾಗುವ ಮೊದಲ ಹತ್ತು ನಿಮಿಷ ಗುಂಯ್ ಇನ್ನೂ ಸ್ವಲ್ಪ ಕೇಳುತ್ತದೆ, ಹೊಗೆ ತಣ್ಣಗಿದ್ದಾಗ ಸದ್ದಿನ ವೇಗವೇ ಕಮ್ಮಿ ಅಲ್ವಾ.

ಒಂಬತ್ತನೇ ವಾರ: ಉಳಿದದ್ದು

ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿದಾಗಿನ ಆರ್ಭಟವನ್ನು ನಾನು ಮುಟ್ಟಿಲ್ಲ. ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲಿ ಅಂತ ಕಂಪ್ಯೂಟರ್ ಬೇಕೆಂದೇ ಐಡಲ್ ಏರಿಸುತ್ತದೆ, ಕಿಡಿಯನ್ನು ತಡ ಮಾಡಿ ಬಿಸಿಯನ್ನು ಹೊರಗೆ ತಳ್ಳುತ್ತದೆ. ಅದನ್ನು ಕೆಡಿಸಬಾರದು. ನಾನು ಮಾಡುವುದಿಷ್ಟೇ, ಬೆಲ್ಟ್ ಹಾಕಿ, ಕನ್ನಡಿ ಸರಿಮಾಡಿ, ಕಟ್ಟಕಡೆಗೆ ಸ್ಟಾರ್ಟ್ ಮಾಡಿ ತಕ್ಷಣ ಹೊರಡುತ್ತೇನೆ. ಆಯಿಲ್ ಬಿಸಿಯಾಗುವವರೆಗೆ 3,500 ದಾಟುವುದಿಲ್ಲ. ನೀರಿನ ಮುಳ್ಳು ಮಧ್ಯಕ್ಕೆ ಬಂದರೂ ಆಯಿಲ್ ಇನ್ನೂ ಹಿಂದೆ ಇರುತ್ತದೆ, ಅದನ್ನು ಮರೆಯಬೇಡಿ.

ಟಾಪ್ ತೆಗೆದು ಉದ್ದ ದಾರಿ ಹೋಗುವ ದಿನ ಕಿವಿಗೆ ಫೋಮ್ ಬಿರಡೆ ಹಾಕುತ್ತೇನೆ. ಗಾಳಿಯ ಸದ್ದು ಯಾವ ಸೈಲೆನ್ಸರಿಗೂ ಬಗ್ಗುವುದಿಲ್ಲ. ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸು 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ, ಪ್ರತಿ 3 ಡೆಸಿಬೆಲ್ ಹೆಚ್ಚಾದಂತೆ ಸಮಯ ಅರ್ಧ. ಆ ಲೆಕ್ಕದಲ್ಲಿ 94ಕ್ಕೆ ಒಂದೇ ಗಂಟೆ. ಕಿವಿ ಒಮ್ಮೆ ಹೋದರೆ ಈ ಇಂಜಿನ್ನಿನ ಹಾಡನ್ನು ಕೇಳುವುದಾದರೂ ಹೇಗೆ?

ನಿನ್ನೆ ಚಕ್ರ ಬಿಚ್ಚಿ ಜಿಪ್ ಟೈ ನೋಡಿದೆ. ಒಂದು ತಿಂಗಳ ಓಡಾಟದ ನಂತರ ಅದು ಬಂಪ್ ಸ್ಟಾಪ್‌ಗೆ ಆರು ಮಿಮೀ ಕೆಳಗೆ ನಿಂತಿತ್ತು. ಅದನ್ನು ಮತ್ತೆ ಕೆಳಕ್ಕೆ ಸರಿಸಿ, ಲಾಕ್ ರಿಂಗುಗಳಿಗೆ ಗ್ರೀಸ್ ಸವರಿ, ಚಕ್ರ ಹಾಕಿದೆ. ಬಲ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದಾಗ ಬೇರಿಂಗಿನಿಂದ ಸಣ್ಣ ಗರಗರ ಕೇಳುತ್ತಿದೆ. ಗುಂಯ್ ಇದ್ದಾಗ ಅದು ಕೇಳುತ್ತಲೇ ಇರಲಿಲ್ಲ. ಮುಂದಿನ ಶನಿವಾರ ಅದನ್ನು ಬಿಚ್ಚುತ್ತೇನೆ.